ಹೆಗಲಿಗೆ ಹಗುರ

ವಸ್ತುವಿನ ತೂಕ ಅಂಗಡಿಯಲ್ಲಿ ತಿಳಿಯುವಂಥದಲ್ಲ. ಅಂಗಡಿಯಾತನು ಎರಡು ಬೆರಳಿನಲ್ಲಿ ಎತ್ತಿ ತೋರಿಸಿದ ಪದಾರ್ಥವು ತನ್ನ ನಿಜವಾದ ಭಾರವನ್ನು ಹೇಳುವುದು ಮೂರು ಮೈಲಿ ನಡೆದ ಮೇಲೆ. ಗಣಕಯಂತ್ರಗಳ ವಿಷಯದಲ್ಲಂತೂ ಈ ಮಾತು ಮೊದಲಿನಿಂದಲೂ ಸಲ್ಲುತ್ತ ಬಂದಿದೆ. ೧೯೮೧ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಆಸ್‌ಬರ್ನ್ ಯಂತ್ರವನ್ನು ಜೊತೆಯಲ್ಲಿ ಒಯ್ಯಬಹುದಾದ ಗಣಕವೆಂದೇ ಮಾರಿದರು. ಅದರ ತೂಕ ಸುಮಾರು ೧೧ ಕಿಲೋಗ್ರಾಂ. ಪರದೆ ೫ ಅಂಗುಲ. ಹೊಲಿಗೆಯಂತ್ರವನ್ನು ನೆನಪಿಗೆ ತರುವ ಆ ಪೆಟ್ಟಿಗೆಯನ್ನು ಒಯ್ಯಲಾಗದೆಂದಲ್ಲ. ಒಯ್ಯುವವನಿಗೆ ಅಂದು ಬೇರೆ ಕೆಲಸವಿರಬಾರದು, ಅಷ್ಟೆ.

ಈ ನಲವತ್ತು ವರ್ಷಗಳಲ್ಲಿ ಯಂತ್ರಗಳು ಬಹಳ ಇಳಿದಿವೆ, ನಿಜ. ಆದರೂ ಅರಸೀಕೆರೆಯಲ್ಲಿ ಮನೆ ಮಾಡಿಕೊಂಡು ದಿನವೂ ರೈಲಿನಲ್ಲಿ ತಿಪಟೂರಿಗೆ ಹೋಗಿ ಕನ್ನಡ ಬೋಧಿಸುವ ಅಧ್ಯಾಪಕರೊಬ್ಬರಿಗೆ ಅವು ಇನ್ನೂ ಸಾಕಷ್ಟು ಇಳಿದಂತೆ ತೋರಿರಲಿಲ್ಲ. ಅವರ ಹಳೆಯ ಲ್ಯಾಪ್‌ಟಾಪಿನ ತೂಕ ೨ ಕಿಲೋ ೩೦೦ ಗ್ರಾಂ. ಅದರ ಜೊತೆಗೆ ಚಾರ್ಜರು, ಊಟದ ಡಬ್ಬಿ, ನೀರಿನ ಬಾಟಲಿ, ಉತ್ತರಪತ್ರಿಕೆಗಳ ಕಟ್ಟು. ವರ್ಷದ ಮೊದಲ ತಿಂಗಳಲ್ಲಿ ಯಂತ್ರವು ಅವರೊಡನೆ ದಿನವೂ ಪ್ರಯಾಣ ಮಾಡುವುದು. ಎರಡನೆಯ ತಿಂಗಳಲ್ಲಿ ವಾರಕ್ಕೆ ಮೂರು ಬಾರಿ. ಆಮೇಲೆ ಮನೆಯ ಮೇಜಿನ ಮೇಲೆಯೇ ಕಾಯಂ ಆಗಿ ನೆಲಸಿಬಿಡುವುದು. ಹೀಗೆ ಮನೆ ಹಿಡಿದ ಯಂತ್ರವು ಎಷ್ಟು ಚುರುಕಾಗಿದ್ದರೂ ಹೊರಗಿನ ಕೆಲಸಕ್ಕೆ ಇಲ್ಲದ್ದಕ್ಕೆ ಸಮಾನ.

ಹೊರಗಿನ ಕೆಲಸವೋ, ಕಾಯುವಂಥದಲ್ಲ. ತಿಪಟೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹೋಗಿ, ಅಲ್ಲಿಂದ ತೋಟದ ದಾರಿಯಲ್ಲಿ ನಡೆದರೆ ಸಿಗುವ ಒಂದು ಹಳ್ಳಿಯಲ್ಲಿ ಎಂಬತ್ತೈದು ದಾಟಿದ ಮುದುಕಿಯೊಬ್ಬಳಿದ್ದಾಳೆ. ಬೀಸುವ ಪದ, ಸೋಬಾನೆ, ಹಸೆಗೆ ಕರೆಯುವ ಹಾಡು ಅವಳ ನಾಲಗೆಯ ಮೇಲಿವೆ, ಬೇರೆಲ್ಲಿಯೂ ಇಲ್ಲ. ಅವಳೊಡನೆ ಹಾಡುತ್ತಿದ್ದ ಹೆಂಗಸರಲ್ಲಿ ಈಗ ಉಳಿದಿರುವವರು ಯಾರೂ ಇಲ್ಲ. ಅಧ್ಯಾಪಕರು ಎರಡು ವರ್ಷಗಳಿಂದ ಅವನ್ನು ಬರೆದುಕೊಳ್ಳುತ್ತಿದ್ದಾರೆ. ಎರಡು ವರ್ಷಗಳಲ್ಲಿ ಹೋಗಿಬಂದದ್ದು ಹನ್ನೊಂದು ಸಲ.

ಇಂಥ ಸಮಯದಲ್ಲಿ ನಿವೃತ್ತ ಸಹೋದ್ಯೋಗಿಯೊಬ್ಬರು, ಇತಿಹಾಸದ ಅಧ್ಯಾಪಕರು, ತಮ್ಮ ಮಗ ಅಮೆರಿಕದಲ್ಲಿ ಓದುವಾಗ ಕೊಂಡಿದ್ದ ಸಣ್ಣ ಯಂತ್ರವೊಂದನ್ನು ತಂದು ಅವರ ಮುಂದಿಟ್ಟರು.

“ನೋಡಿ ಮೇಷ್ಟ್ರೆ, ಪಂಚಾಂಗದ ಹಾಗಿದೆ. ಹದಿನೆಂಟು ಸಾವಿರ ಕೊಡಿ ಸಾಕು. ಎರಡು ವಾರ ಇಟ್ಟುಕೊಂಡು ನೋಡಿ. ಬೇಡವೆನಿಸಿದರೆ ಸಂಕೋಚವಿಲ್ಲದೆ ಹಿಂದಕ್ಕೆ ಕೊಡಿ.”

ಹದಿನೆಂಟು ಸಾವಿರವೆಂದರೆ ಅವರ ಮಗಳ ಅರ್ಧ ವರ್ಷದ ಕಾಲೇಜು ಶುಲ್ಕ. ಅಧ್ಯಾಪಕರು ಸಂಕೋಚವನ್ನು ಬದಿಗಿಟ್ಟೇ ಪರೀಕ್ಷೆಗೆ ತೊಡಗಿದರು.

ಅದು ಮೈಕ್ರೋಸಾಫ್ಟ್ ಕಂಪನಿಯ ಸರ್ಫೇಸ್ ಲ್ಯಾಪ್‌ಟಾಪ್ ಗೋ. ೨೦೨೦ರ ಅಕ್ಟೋಬರಿನಲ್ಲಿ ಹೊರಬಂದದ್ದು. ತೂಕ ೧೧೧೦ ಗ್ರಾಂ. ಹಳೆಯದರ ಅರ್ಧಕ್ಕೂ ಕಡಮೆ. ಮುಚ್ಚಳ ಅಲ್ಯೂಮಿನಿಯಮ್ಮಿನದು, ತಳ ಗಾಜಿನ ನಾರು ಬೆರೆಸಿದ ಗಟ್ಟಿ ಪ್ಲಾಸ್ಟಿಕ್ಕಿನದು. ಬೆಲೆ ತಗ್ಗಿಸಲು ಮಾಡಿದ ಉಪಾಯವಾದರೂ ಕೈಗೆ ಅಗ್ಗವೆನಿಸದು. ಮುಚ್ಚಳವನ್ನು ಒಂದೇ ಬೆರಳಿನಿಂದ ಎತ್ತಿದರೆ ತಳವು ಮೇಜನ್ನು ಬಿಟ್ಟೇಳದೆ ಕುಳಿತಿರುತ್ತದೆ. ಸಣ್ಣ ಸಂಗತಿ, ಆದರೆ ದಿನಕ್ಕೆ ಹತ್ತು ಬಾರಿ ತೆರೆಯುವವನಿಗೆ ಸಣ್ಣದಲ್ಲ.

ಪರದೆ ೧೨.೪ ಅಂಗುಲ. ಅದರ ಗುಣವಿರುವುದು ಅಳತೆಯಲ್ಲಲ್ಲ, ಆಕಾರದಲ್ಲಿ. ಇಂದಿನ ಎಷ್ಟೋ ಲ್ಯಾಪ್‌ಟಾಪುಗಳ ಪರದೆ ಸಿನಿಮಾ ನೋಡಲು ಹೇಳಿ ಮಾಡಿಸಿದಂತೆ ಅಡ್ಡಲಾಗಿ ಚಾಚಿಕೊಂಡಿರುತ್ತದೆ. ಇದರದು ಅಗಲ ಮೂರು ಪಾಲಾದರೆ ಎತ್ತರ ಎರಡು ಪಾಲು. ಪುಸ್ತಕದ ಹಾಳೆಗೆ ಹತ್ತಿರವಾದ ಆಕಾರ. ಕನ್ನಡಕ್ಕೆ ಇದರಿಂದ ಆಗುವ ಉಪಕಾರ ಇಂಗ್ಲಿಷಿಗೆ ಆಗುವುದಕ್ಕಿಂತ ದೊಡ್ಡದು. ನಮ್ಮ ಅಕ್ಷರಗಳಿಗೆ ತಲೆಯ ಮೇಲೆ ಗುಡಿಸು, ಕಾಲ ಕೆಳಗೆ ಒತ್ತು. ಸಾಲಿಗೂ ಸಾಲಿಗೂ ನಡುವೆ ಉಸಿರಾಡಲು ಜಾಗ ಬೇಕು. ಅಡ್ಡಪರದೆಯಲ್ಲಿ ಎರಡು ತ್ರಿಪದಿ ಕಾಣುವ ಕಡೆ ಇದರಲ್ಲಿ ಮೂರು ಕಾಣುತ್ತವೆ. ಆದರೆ ಚುಕ್ಕಿಗಳು ೧೫೩೬ಕ್ಕೆ ೧೦೨೪ ಮಾತ್ರ. ಅಕ್ಷರವನ್ನು ತೀರ ಚಿಕ್ಕದು ಮಾಡಿದರೆ ಒತ್ತಕ್ಷರಗಳು ಒಂದರೊಳಗೊಂದು ಕರಗಿ, ಹಳೆಯ ಮೊಳೆಯ ಮುದ್ರಣದಲ್ಲಿ ಮಸಿ ಹೆಚ್ಚಾದಂತೆ ತೋರುವುದುಂಟು.

ಕೀಲಿಮಣೆಯ ಕೆಳಗೆ ಬೆಳಕಿಲ್ಲವೆಂಬುದು ಈ ಯಂತ್ರವನ್ನು ವಿಮರ್ಶಿಸಿದವರ ದೊಡ್ಡ ದೂರು. ೨೦೨೨ರಲ್ಲಿ ಬಂದ ಎರಡನೆಯ ಆವೃತ್ತಿಗೂ ೨೦೨೩ರಲ್ಲಿ ಬಂದ ಮೂರನೆಯದಕ್ಕೂ ಕಂಪನಿ ಆ ಬೆಳಕನ್ನು ಕೊಡಲಿಲ್ಲ. ಅಮೆರಿಕದಲ್ಲಿ ಆರಂಭದ ಬೆಲೆಯನ್ನು ಮಾತ್ರ ೫೪೯ ಡಾಲರಿನಿಂದ ೫೯೯ಕ್ಕೂ, ಅಲ್ಲಿಂದ ೭೯೯ಕ್ಕೂ ಏರಿಸಿತು. ಕನ್ನಡ ಬರೆಯುವವನಿಗೆ ಈ ಕೊರತೆ ಅಷ್ಟಾಗಿ ತಟ್ಟದು. ಕೀಲಿಗಳ ಮೇಲೆ ಕನ್ನಡ ಅಕ್ಷರವೇ ಇಲ್ಲದ ಮೇಲೆ ಕೆಳಗೆ ದೀಪವಿದ್ದು ಕಾಣಿಸಬೇಕಾದದ್ದಾದರೂ ಏನು? ಕೆ. ಪಿ. ರಾವ್ ಅವರ ಕೀಲಿವಿನ್ಯಾಸವನ್ನು ಬೆರಳುಗಳು ಒಮ್ಮೆ ಕಲಿತರೆ ಕತ್ತಲೆಯಲ್ಲಿಯೂ ದಾರಿ ತಪ್ಪುವುದಿಲ್ಲ.

ಇನ್ನು ಸ್ಪರ್ಶದ ವಿಚಾರ. ಪರದೆಯನ್ನು ಮುಟ್ಟಿ ಗಣಕವನ್ನು ಆಳುವ ಆಸೆ ಹೊಸದಲ್ಲ. ೧೯೮೩ರಲ್ಲಿಯೇ ಎಚ್‌ಪಿ ಕಂಪನಿ ಅಂಥ ಯಂತ್ರವನ್ನು ಮಾರಿತ್ತು. ಎದುರಿಗೆ ನೆಟ್ಟಗೆ ನಿಂತ ಪರದೆಯನ್ನು ಮುಟ್ಟುತ್ತಿದ್ದರೆ ತೋಳು ಸೋಲುವುದೆಂದು ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ೨೦೧೦ರಲ್ಲಿ ವಾದಿಸಿದರು. ಎರಡು ವರ್ಷ ಕಳೆಯುತ್ತಲೇ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ೮ ಅನ್ನು ಬೆರಳಿಗಾಗಿಯೇ ರೂಪಿಸಿ ಹೊರತಂದಿತು. ಯಾರ ಮಾತು ಸರಿ?

ಅಧ್ಯಾಪಕರ ಮೇಜಿನ ಮೇಲೆ ಗೆದ್ದದ್ದು ಜಾಬ್ಸ್. ಬೆರಳು ತಗುಲಿದಾಗಲೆಲ್ಲ ಪರದೆ ತುಸು ಹಿಂದಕ್ಕೆ ತೂಗುವುದು. ಬರೆದದ್ದನ್ನು ತಿದ್ದಲು ಬೆರಳು ತೀರ ದಪ್ಪ. ‘ಸ್ತ್ರೀ’ ಎಂಬ ಒಂದಕ್ಷರವು ಕಣ್ಣಿಗೆ ಒಂದೇ; ಯಂತ್ರಕ್ಕೆ ಅದು ಆರು ಸಂಕೇತಗಳ ಸರಪಣಿ. ಅದರ ಪಕ್ಕದ ಸಂದಿಯನ್ನು ತೋರುಬೆರಳಿನಿಂದ ಹಿಡಿಯಹೊರಟರೆ ಪದವೇ ಬೆರಳಿನಡಿ ಮರೆಯಾಗುವುದು. ಲೇಖನಿಯಿದ್ದಿದ್ದರೆ ಪಾಟಿಯ ಮೇಲೆ ಬಳಪದಂತೆ ಗುರುತು ಹಾಕಬಹುದಿತ್ತು. ಆದರೆ ಕಂಪನಿ ತಾನೇ ತನ್ನ ಇತರ ಯಂತ್ರಗಳಿಗಾಗಿ ಮಾಡಿದ ಲೇಖನಿಗೆ ಈ ಯಂತ್ರದಲ್ಲಿ ಪ್ರವೇಶವಿಲ್ಲ. ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಿ ಹಲಗೆಯಂತೆ ಹಿಡಿಯಲೂ ಬರುವುದಿಲ್ಲ. ಮೂರನೆಯ ದಿನ ಅಧ್ಯಾಪಕರ ಪತ್ನಿ ಹಾದುಹೋಗುತ್ತ ಪರದೆಯ ಕಡೆ ನೋಡಿದರು.

“ಮುಟ್ಟಿದರೆ ತೆರೆಯುತ್ತದೆ ಸರಿ ಕಣ್ರೀ, ಮುಟ್ಟಿದ ಗುರುತನ್ನು ಒರೆಸುವವರು ಯಾರು?”

ಉತ್ತರ ಹೇಳುವುದಕ್ಕಿಂತ ಒರೆಸುವುದೇ ಸುಲಭವಾಗಿತ್ತು.

ಹಳ್ಳಿಯ ಜಗುಲಿಯ ಮೇಲೆ ಮಾತ್ರ ಬೇರೊಂದೇ ನ್ಯಾಯ ನಡೆಯಿತು. ಆ ಭಾನುವಾರ ಅಧ್ಯಾಪಕರು ಯಂತ್ರವನ್ನು ಕೈಚೀಲದಲ್ಲಿ ಹಾಕಿಕೊಂಡು ಹೊರಟರು. ಇದೆಯೋ ಇಲ್ಲವೋ ಎಂದು ಎರಡು ಸಲ ಚೀಲವನ್ನು ಮುಟ್ಟಿ ನೋಡಿಕೊಂಡದ್ದೂ ಉಂಟು. ಅಜ್ಜಿಯ ಮನೆಯ ಹಳೆಯ ಮದುವೆಯೊಂದರ ಚಿತ್ರವನ್ನು ಅವರು ಹಿಂದಿನ ಸಲ ಫೋನಿನಲ್ಲಿ ತೆಗೆದುಕೊಂಡಿದ್ದರು. ಚಪ್ಪರದ ಕೆಳಗೆ ಸಾಲಾಗಿ ಕುಳಿತ ಹದಿನಾಲ್ಕು ಹೆಂಗಸರು. ಒಂದೊಂದು ಮುಖವೂ ಕಡಲೆಕಾಳಿನಷ್ಟು. ಅದನ್ನು ಪರದೆಯ ಮೇಲೆ ತೆರೆದು, ಎರಡು ಬೆರಳು ಅಗಲಿಸಿದರೆ ಚಿತ್ರ ಹಿಗ್ಗುವುದನ್ನು ತೋರಿಸಿದರು. ಅಜ್ಜಿ ಒಲೆಗೆ ಸೌದೆ ಒತ್ತುವಂತೆ ಬೆರಳನ್ನು ಒತ್ತಿದಳು.

“ಒತ್ತಬೇಡಿ ಅಜ್ಜಿ, ಮುಟ್ಟಿದರೆ ಸಾಕು.”

ಬಿರುಕುಬಿಟ್ಟು ಒಣಗಿದ ಆ ಬೆರಳನ್ನು ಪರದೆ ಮೊದಲು ಗುರುತಿಸಲಿಲ್ಲ. ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಬೆರಳು ಒರೆಸಿಕೊಂಡು ಮತ್ತೆ ಮುಟ್ಟಿದಾಗ ಮುಖವೊಂದು ಅಂಗೈಯಗಲ ಅರಳಿತು.

“ಇವಳು ನಮ್ಮ ಗಂಗಿ ಕಣಪ್ಪ. ಹಸೆಗೆ ಕರೆಯೋ ಪದ ಎತ್ತಿದರೆ ಇವಳೇ ಎತ್ತಬೇಕು.”

ಎತ್ತಿದ್ದು ಗಂಗಿಯಲ್ಲ, ಅಜ್ಜಿ. ಎರಡು ವರ್ಷಗಳಲ್ಲಿ ಒಮ್ಮೆಯೂ ಅವಳ ಬಾಯಿಗೆ ಬಾರದಿದ್ದ ಹಾಡು ಅದು. ಆಮೇಲೆ ಪಕ್ಕದ ಮುಖ, ಅದರ ಪಕ್ಕದ್ದು; ಅಂದು ಸಂಜೆಯೊಳಗೆ ಏಳು ಹಾಡುಗಳು ಸಿಕ್ಕಿದವು. ಇಲಿಯಂಥ ಸಲಕರಣೆಯನ್ನು ಹಿಡಿಸಿ, ಬಾಣದ ಗುರುತನ್ನು ಹಿಂಬಾಲಿಸಲು ಕಲಿಸಿದ್ದರೆ ಆ ಮುದುಕಿ ಯಂತ್ರದ ಹತ್ತಿರವೂ ಸುಳಿಯುತ್ತಿರಲಿಲ್ಲ. ಫೋನಿನ ಪರದೆ ಅವಳ ಕಣ್ಣಿಗೆ ಸಾಲದು. ಸ್ಪರ್ಶಪರದೆಯಿಂದ ಅಧ್ಯಾಪಕರಿಗೆ ಆದ ಉಪಯೋಗ ಅಲ್ಪ; ಓದುಬರಹ ಅರಿಯದ ಅಜ್ಜಿಗಾದದ್ದು ಬಹಳ. ಯಂತ್ರವನ್ನು ತೂಗಿ ಬೆಲೆ ಕಟ್ಟುವವರು ಸಾಮಾನ್ಯವಾಗಿ ತಮ್ಮ ಬೆರಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಹೀಗೆಂದ ಮಾತ್ರಕ್ಕೆ ಯಂತ್ರದ ಒಳಗನ್ನು ಮರೆಯುವಂತಿಲ್ಲ. ಹೊರಗಿನ ಚೆಲುವಿಗೆ ತೆತ್ತ ಬೆಲೆಯೆಲ್ಲ ಇರುವುದು ಅಲ್ಲಿ. ಗಣಕದ ರ್‍ಯಾಮ್ ಎಂಬುದು ಕೆಲಸ ಮಾಡುವ ಮೇಜಿನಂತೆ. ಶೇಖರಣೆಯೆಂಬುದು ಕಾಗದಪತ್ರ ಇಡುವ ಬೀರುವಿನಂತೆ. ಆ ಮಾದರಿಯಲ್ಲಿ ಎಲ್ಲಕ್ಕಿಂತ ಕೆಳಗಿನ ದರ್ಜೆಯದಾದ ಇದರ ಮೇಜು ೪ ಜಿಬಿ, ಬೀರು ೬೪ ಜಿಬಿ. ಇಂಟೆಲ್ಲಿನ ಹತ್ತನೆಯ ಪೀಳಿಗೆಯ ಐ-೫ ಸಂಸ್ಕಾರಕವೇನೋ ಸಮರ್ಥ ಗುಮಾಸ್ತನೇ. ಆದರೆ ಗುಮಾಸ್ತನಿಗೆ ಕೊಟ್ಟ ಮೇಜು ಮೊಣಕೈ ಊರಲೂ ಸಾಲದು. ಬೀರುವಾದರೂ ದೊಡ್ಡ ದರ್ಜೆಗಳಲ್ಲಿ ಹಾಕಿರುವ ವೇಗದ ಜಾತಿಯದಲ್ಲ. ಅಗ್ಗದ ಯಂತ್ರಗಳಲ್ಲಿ ಬಳಸುವ ಇಎಂಎಂಸಿ ಜಾತಿಯದು. ಹಾಡಿನ ಬರಹವೊಂದು, ಧ್ವನಿಮುದ್ರಿಕೆಯೊಂದು ತೆರೆದಿದ್ದರೆ ಕೆಲಸ ಸರಾಗ. ಅದರ ಜೊತೆಗೆ ನಿಘಂಟಿನ ಸ್ಕ್ಯಾನು ಮಾಡಿದ ಸಂಪುಟವನ್ನೂ ಅಂತರಜಾಲದ ನಾಲ್ಕು ಪುಟಗಳನ್ನೂ ತೆರೆದರೆ, ಕೀಲಿ ಒತ್ತಿದ ಮೇಲೆ ಅಕ್ಷರ ಯೋಚನೆ ಮಾಡಿ ಹೊರಬರುತ್ತದೆ.

ಮೇಜು ಚಿಕ್ಕದಾದರೆ ದೊಡ್ಡದನ್ನು ತರಿಸಬಹುದಲ್ಲ ಎನ್ನುವಿರಾ? ಇಲ್ಲಿ ಆ ದಾರಿ ಮುಚ್ಚಿದೆ. ಯಂತ್ರ ತೆಳುವಾಗಬೇಕೆಂದು ರ್‍ಯಾಮನ್ನು ಮೂಲಫಲಕಕ್ಕೇ ಬೆಸೆದಿದ್ದಾರೆ. ಅಧ್ಯಾಪಕರ ಹಳೆಯ ಭಾರದ ಯಂತ್ರಕ್ಕೆ ಅಂಗಡಿಯ ಹುಡುಗ ಹತ್ತು ನಿಮಿಷದಲ್ಲಿ ತಳ ಬಿಚ್ಚಿ ಹೊಸ ರ್‍ಯಾಮ್ ಹಾಕಿಕೊಟ್ಟಿದ್ದ. ಇದಕ್ಕೆ ಆ ಭಾಗ್ಯವಿಲ್ಲ. ಕೊಂಡ ದಿನದ ಬಡತನ ಇದಕ್ಕೆ ಕೊನೆಯ ದಿನದವರೆಗೂ ತಪ್ಪದು.

ಮತ್ತೊಂದು ಲೆಕ್ಕವೂ ಇತ್ತು. ವಿಂಡೋಸ್ ೧೦ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಮುಂದಿನ ವಿಂಡೋಸ್ ೧೧ಕ್ಕೆ ಕನಿಷ್ಠ ಬೇಕಾದದ್ದು ೪ ಜಿಬಿ ರ್‍ಯಾಮ್, ೬೪ ಜಿಬಿ ಶೇಖರಣೆ. ಈ ಯಂತ್ರದಲ್ಲಿರುವುದು ನಿಖರವಾಗಿ ಅಷ್ಟೆ, ಹೆಚ್ಚಿಲ್ಲ, ಕಡಮೆಯಿಲ್ಲ. ಮೂವತ್ತೈದಕ್ಕೆ ಮೂವತ್ತೈದೇ ಅಂಕ ತೆಗೆದು ಪಾಸಾದ ವಿದ್ಯಾರ್ಥಿಗಳನ್ನು ಅಧ್ಯಾಪಕರು ಬಹಳ ನೋಡಿದ್ದಾರೆ. ಅವರು ಪಾಸಾದರೆಂಬುದು ಸುಳ್ಳಲ್ಲ. ಆದರೆ ಮುಂದಿನ ತರಗತಿಯಲ್ಲಿ ಅವರ ಮೇಲೆ ಭಾರ ಹೊರಿಸುವಾಗ ನೋಡಿಕೊಂಡು ಹೊರಿಸಬೇಕು. ಬ್ಯಾಟರಿಯದೂ ಇದೇ ಕಥೆ. ಹೊಸತರಲ್ಲಿ ೧೩ ಗಂಟೆಯವರೆಗೆ ಬರುವುದೆಂದು ಕಂಪನಿಯ ಪ್ರಚಾರವಿತ್ತು. ಐದು ವರ್ಷ ದುಡಿದ ಮೇಲೆ ಅರಸೀಕೆರೆಯಲ್ಲಿ ಬಂದದ್ದು ಐದು ಗಂಟೆ. ಹಳ್ಳಿಗೆ ಹೋಗಿಬರಲು ಅಷ್ಟು ಸಾಕು.

ಎರಡು ವಾರ ಮುಗಿದಾಗ ಅಧ್ಯಾಪಕರು ಸಹೋದ್ಯೋಗಿಗಳ ಮನೆಗೆ ಹೋದರು. ಮೊದಲು ಕಾಫಿ ಬಂತು, ಆಮೇಲೆ ಹೊಯ್ಸಳರ ವಿಷಯ ಬಂತು. ಕಡೆಗೆ ಯಂತ್ರದ ವಿಷಯ.

“ಇದು ಇಡೀ ಯಂತ್ರವಲ್ಲ ಸಾರ್, ಅರ್ಧ ಯಂತ್ರ. ಮನೆಯ ಕೆಲಸಕ್ಕೆ ಹಳೆಯದು ಇರಲೇಬೇಕು. ಆದ್ದರಿಂದ ಇಡೀ ಬೆಲೆ ಕೊಡುವುದಕ್ಕಾಗದು. ಹನ್ನೆರಡು ಕೊಡುತ್ತೇನೆ.”

“ಮಗ ಕೊಟ್ಟದ್ದು ಐನೂರ ಐವತ್ತು ಡಾಲರು ಮೇಷ್ಟ್ರೆ!”

“ಅದು ಅವನಿಗೆ ಆಗಲೇ ಪದವಿ ಕೊಡಿಸಿದೆಯಲ್ಲ.”

ಸಹೋದ್ಯೋಗಿ ನಕ್ಕರು, ನಕ್ಕದ್ದರಿಂದ ಸೋತರು. ಹದಿನಾಲ್ಕಕ್ಕೆ ಇತ್ಯರ್ಥವಾಯಿತು. ಅಮೆರಿಕದ ಚಪ್ಪಟೆ ಕಡ್ಡಿಗಳ ಚಾರ್ಜರನ್ನು ನಮ್ಮ ಗೋಡೆಗೆ ಹೊಂದಿಸುವ ಪಿನ್ನನ್ನು ಅವರೇ ತಂದುಕೊಡಬೇಕೆಂದು ಒಪ್ಪಂದ.

ಈಗ ಆ ಯಂತ್ರದಲ್ಲಿ ಕನ್ನಡದ ಕೀಲಿಮಣೆ, ಬರೆಯುವ ತಂತ್ರಾಂಶ, ಧ್ವನಿ ಕೇಳುವ ತಂತ್ರಾಂಶ, ಮದುವೆಯ ಚಿತ್ರ ಇಷ್ಟನ್ನು ಬಿಟ್ಟು ಬೇರೇನೂ ಇಲ್ಲ. ಹಾಡುಗಳ ಮುದ್ರಿಕೆಗಳೆಲ್ಲ ಎರಡೆರಡು ಪ್ರತಿಯಾಗಿ ಪೆನ್ ಡ್ರೈವಿನಲ್ಲಿರುತ್ತವೆ. ನಿಘಂಟು ಮನೆಯ ಮೇಜಿನ ಮೇಲಿನ ಹಳೆಯ ಯಂತ್ರದಲ್ಲಿ. ಭಾನುವಾರ ಬೆಳಗ್ಗೆ ಏಳರ ಬಸ್ಸಿಗೆ ಅಧ್ಯಾಪಕರು ಹೊರಡುವಾಗ ಚೀಲದಲ್ಲಿ ಯಂತ್ರದ ಜೊತೆಗೆ ಅಜ್ಜಿಗೆಂದು ಎಲೆ ಅಡಿಕೆ, ಬೆರಳು ತೇವ ಮಾಡಿಕೊಳ್ಳಲು ಪುಟ್ಟ ಬಟ್ಟಲು, ಪರದೆ ಒರೆಸಲು ಪತ್ನಿ ಹರಿದುಕೊಟ್ಟ ಹಳೆಯ ಪಂಚೆಯ ತುಂಡು. ಚಿತ್ರದಲ್ಲಿ ಇನ್ನೂ ಆರು ಮುಖಗಳು ಉಳಿದಿವೆ.