ಎಕ್ಕ ಭಾರವಾಗುವ ಆಟ

ಬೇರೆ ಆಟಗಳಲ್ಲಿ ಎಕ್ಕ ಕೈಗೆ ಬಂದರೆ ಮುಖ ಅರಳುತ್ತದೆ. ಕತ್ತೆ ಆಟದಲ್ಲಿ ಎದೆ ಝಲ್ಲೆನ್ನುತ್ತದೆ. 52 ಎಲೆ, ನಾಲ್ಕು ಜನ, ತಲೆಗೆ 13. ಒಬ್ಬರು ಆಟೀನು ಇಳಿಸಿದರೆ ಉಳಿದವರೂ ಆಟೀನೇ ಹಾಕಬೇಕು. ಎಲ್ಲರೂ ಹಾಕಿದರೆ ಆ ಸುತ್ತು ಆಟದಿಂದಾಚೆ. ಯಾರಲ್ಲಾದರೂ ಆಟೀನು ತೀರಿದ್ದರೆ ಬೇರೆ ಎಲೆ ಹಾಕಿ ಕಡಿಯುತ್ತಾರೆ. ಆಗ ಬಿದ್ದಷ್ಟನ್ನೂ ದೊಡ್ಡ ಎಲೆ ಹಾಕಿದವರೇ ಬಾಚಿಕೊಳ್ಳಬೇಕು. ಕೊನೆಗೂ ಕೈ ಖಾಲಿಯಾಗದೆ ಉಳಿದವರು ಕತ್ತೆ.

ನಮ್ಮ ಈ ಆಟ ನಡೆಯುವುದು ಫೋನಿನಲ್ಲಿ, ರಾತ್ರಿ ಊಟವಾದ ಮೇಲೆ. ಸೋದರತ್ತೆ ಆಂಧ್ರದ ಕುಂದುರ್ಪಿಯಲ್ಲಿ, ಅವರ ಮಗಳು ಕಲ್ಯಾಣದುರ್ಗದಲ್ಲಿ, ಭಾವ ಹಿಂದೂಪುರದಲ್ಲಿ, ನಾನು ಬೆಂಗಳೂರಿನಲ್ಲಿ. ಮನೆಮಾತು ಕನ್ನಡವಾದರೂ ಆಟ ಕಾವೇರಿದಾಗ ಅತ್ತೆಯ ಬಾಯಲ್ಲಿ ಬರುವುದು ಬೀದಿಯ ತೆಲುಗು: "ವೆಯ್ಯಿ, ವೆಯ್ಯಿ!" ಬಿತ್ತನೆಗೆ ಮುಂಚಿನ ದಿನಗಳಲ್ಲಿ ಅವರ ಮಡಿಲಲ್ಲಿ ಬೀಜದ ಕಡಲೆಕಾಯಿ ಇರುತ್ತದೆ. ಸುಲಿಯುತ್ತಲೇ ಆಡುತ್ತಾರೆ. ಮಣ್ಣು ಹತ್ತಿದ ಬೆರಳಿಗೆ ಪರದೆ ಓಗೊಡುವುದಿಲ್ಲ. ಸೆರಗಿಗೆ ಒರೆಸಿ ಒತ್ತುವಷ್ಟರಲ್ಲಿ ಸಮಯ ಮುಗಿದು ಆಪ್ ತಾನೇ ಒಂದು ಎಲೆ ಹಾಕಿಬಿಡುತ್ತದೆ. "ಅದು ನಾನು ಹಾಕಿದ್ದಲ್ಲ ಕಣೋ, ಆ ಮಿಷನ್ನು ಹಾಕಿದ್ದು!" ಎಂದು ಅತ್ತೆ ಮರುದಿನವೂ ಬಿಡದೆ ವಾದಿಸುತ್ತಾರೆ. ನನಗೆ ಆ ವಾದ ಕೇಳುವುದೇ ಇಷ್ಟ.

ಯಾಕೆಂದರೆ ಇಸ್ಪೀಟಿನ ವಿಷಯದಲ್ಲಿ ಅತ್ತೆಗೆ ವಾದಿಸುವ ಹಕ್ಕೇ ಇರಲಿಲ್ಲ. ಯುಗಾದಿಯ ಮರುದಿನ ಕುಂದುರ್ಪಿ ಬೆಟ್ಟದ ಕೋಟೆ ಕಾಣುವ ಕಡೆ, ಹುಣಸೆಮರದ ನೆರಳಿನಲ್ಲಿ ಗಂಡಸರು ಟವಲು ಹಾಸಿ ಕೂರುತ್ತಿದ್ದರು. ಪೇಕಾಟ (ಇಸ್ಪೀಟಾಟ) ಅಂದರೆ ದುಡ್ಡು, ದುಡ್ಡು ಅಂದರೆ ಜಗಳ, ಜೊತೆಗೆ ಪೊಲೀಸರ ಭಯ. ಹೆಂಗಸರು ಟೀ ಕೊಟ್ಟು ಹಿಂದಿರುಗಬೇಕು. ಲೋಟ ಇಡುವ ಆ ಗಳಿಗೆಯಲ್ಲೇ ಯಾರ ಕೈಯಲ್ಲಿ ಏನಿದೆಯೆಂದು ನೋಡಿ ನೋಡಿ ಅತ್ತೆ ಕಲಿತರು. ರಾಜ, ರಾಣಿ, ಗುಲಾಮರನ್ನು ಬಲ್ಲ ಹೆಂಗಸು ಎಲೆಗಳನ್ನು ಮುಟ್ಟಿದ್ದೇ ಇಲ್ಲ.

ದುಡ್ಡಿನ ಆಟ ಫೋನಿಗೂ ಬಂತು, ಅದರ ಹಿಂದೆ ಕಾನೂನೂ ಬಂತು. 2020ರ ಸೆಪ್ಟೆಂಬರ್‌ನಲ್ಲಿ ಆಂಧ್ರ ಸರ್ಕಾರ ಆನ್‌ಲೈನ್ ರಮ್ಮಿಯನ್ನು ನಿಷೇಧಿಸಿತು. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಮರುವರ್ಷ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಮಾಡಿತು. ಹೀಗಾಗಿ ಗಡಿಯಾಚೆ ಪಾವಗಡದ ಕಡೆ ಸಲ್ಲುತ್ತಿದ್ದ ಆಟ ಈಚೆ ಕುಂದುರ್ಪಿಯಲ್ಲಿ ಅಪರಾಧವಾಗಿತ್ತು. 2025ರ ಆಗಸ್ಟ್‌ನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತೇ ಇಡೀ ದೇಶದಲ್ಲಿ ನಿಷೇಧಿಸಿತು. ಒಳ್ಳೆಯದೇ ಆಯಿತು. ದುಡ್ಡಿಲ್ಲದ ನಮ್ಮ ಕತ್ತೆಗೆ ಈ ಯಾವುದೂ ಅಡ್ಡ ಬರಲಿಲ್ಲ. ದುಡ್ಡಿಲ್ಲ ಅನ್ನುವ ಕಾರಣಕ್ಕೇ ಅತ್ತೆಗೆ ಅಲ್ಲಿ ಜಾಗ ಸಿಕ್ಕಿದ್ದು.

ಅವರ ಆಟ ನೋಡಬೇಕು. ಒಂದು ಬಣ್ಣದಲ್ಲಿ 13 ಎಲೆ. ಮೊದಲ ಸುತ್ತಿಗೆ ನಾಲ್ಕು ಹೋದರೆ ಉಳಿದದ್ದು ಒಂಬತ್ತು, ಎರಡನೆಯದಕ್ಕೆ ಐದು. ಮೂರನೆಯ ಸುತ್ತಿನಲ್ಲಿ ಬಹುಮಟ್ಟಿಗೆ ಯಾರಾದರೂ ಕಡಿಯುತ್ತಾರೆಂದು ಅತ್ತೆಗೆ ಗೊತ್ತು. ಅದಕ್ಕೇ ಎಕ್ಕ, ರಾಜರನ್ನು ಮೊದಲೇ ಸಾಗಹಾಕಿ, ಎರಡು ಮೂರರಂಥ ಸಣ್ಣ ಎಲೆಗಳನ್ನು ಕಷ್ಟಕಾಲಕ್ಕೆಂದು ಜೋಪಾನ ಮಾಡುತ್ತಾರೆ. ಭಾವ ದೊಡ್ಡ ಎಲೆ ಬಿಡಲಾರರು. ಹಿಡಿದಿಟ್ಟುಕೊಂಡು, ಕೊನೆಗೆ ಬುಟ್ಟಿಗಟ್ಟಲೆ ಬಾಚಿಕೊಳ್ಳುತ್ತಾರೆ. ಅತ್ತೆ ಕಡಿದಾಗ ವಾಯ್ಸ್ ಮೆಸೇಜಿನಲ್ಲಿ ಮೊದಲು ನಗು ಬರುತ್ತದೆ, ಆಮೇಲೆ ಮಾತು.

ಮೊನ್ನೆ ಅಂಥ ಒಂದು ಆಟ ಗೆದ್ದವರೇ ನನಗೆ ಫೋನ್ ಮಾಡಿದರು. "ಯುಗಾದಿಗೆ ಬರುವಾಗ ಒಂದು ಹೊಸ ಕಟ್ಟು ಇಸ್ಪೀಟು ತಗೊಂಡು ಬಾರೋ. ಇದರಲ್ಲಿ ಸೋತೋರ ಮುಖ ಕಾಣಲ್ಲ. ನಿಮ್ಮ ಭಾವನ್ನೂ ಬರೋಕೆ ಹೇಳು. ಟೀ ಅವನೇ ಮಾಡಲಿ."