ಎರಡು ದಿನದ ರೈಲುದಾರಿ

ಆಟವೆಂದರೆ ಹೊತ್ತು ಕಳೆಯುವ ಹಗುರವಾದ ಸಂಗತಿಯೆಂದು ದೊಡ್ಡವರು ಬಗೆಯುವುದುಂಟು. ಆಡುವವರಿಗೆ ಅದು ಹಾಗಲ್ಲ. ಮರಳಿನಲ್ಲಿ ಗುಬ್ಬಿಗೂಡು ಕಟ್ಟುವ ಮಗು ಎಷ್ಟು ಎಚ್ಚರದಿಂದ ತನ್ನ ಪಾದವನ್ನು ಹೊರಗೆಳೆದುಕೊಳ್ಳುತ್ತದೆ! ಸಂಜೆಗೆ ಅಳಿದುಹೋಗುವ ಗೂಡೆಂದು ಅದು ಕೈಯನ್ನು ಸಡಿಲ ಬಿಡುವುದಿಲ್ಲ. ಬೆಳೆಯುತ್ತ ಬಂದಂತೆ ಈ ಎಚ್ಚರ ಕಡಿಮೆಯಾಗುತ್ತದೆ. 'ತಾತ್ಕಾಲಿಕ' ಎಂಬ ಮಾತೊಂದು ಸಿಕ್ಕಿದರೆ ಸಾಕು, ಎಷ್ಟೋ ಅರೆಕೊರೆ ಕೆಲಸಗಳಿಗೆ ಅದೇ ಹೊದಿಕೆಯಾಗುತ್ತದೆ.

ಬೆಂಗಳೂರಿನ ಪೂರ್ವಕ್ಕೆ ವೈಟ್‌ಫೀಲ್ಡ್ ಇದೆ. ಮೈಸೂರಿನ ಮಹಾರಾಜರು ಕೊಟ್ಟ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ನರು ಬೇಸಾಯಕ್ಕೆಂದು 1882ರಲ್ಲಿ ಕಟ್ಟಿಕೊಂಡ ನೆಲೆ ಅದು. ಅದಕ್ಕೂ ಮೊದಲೇ, 1864ರಲ್ಲಿ, ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಬಂದ ರೈಲುದಾರಿ ಆ ನೆಲವನ್ನು ಹಾದುಹೋಗಿತ್ತು. ಇಂದು ಅಲ್ಲಿ ತೋಟಗಳಿಗಿಂತ ಗಾಜಿನ ಕಟ್ಟಡಗಳೇ ಹೆಚ್ಚು. ನಿಲ್ದಾಣಕ್ಕೆ ಸಮೀಪದ ಬಹುಮಹಡಿ ಕಟ್ಟಡವೊಂದರಲ್ಲಿ ಒಂದು ಕುಟುಂಬ ಬಾಡಿಗೆಗಿತ್ತು. ತಂದೆ ಕಂಪ್ಯೂಟರ್ ಸಂಸ್ಥೆಯೊಂದರ ಉದ್ಯೋಗಿ. ತಾತ ರೈಲ್ವೆಯಲ್ಲಿ ಕೀಮನ್ ಆಗಿ ದುಡಿದು ನಿವೃತ್ತರಾದವರು. ಸುತ್ತಿಗೆಯನ್ನು ಹೆಗಲಿಗೇರಿಸಿ, ತಮ್ಮ ಪಾಲಿನ ಹಳಿಯುದ್ದಕ್ಕೂ ದಿನವೂ ನಡೆದು, ಸಡಿಲವಾದುದನ್ನು ಬಡಿದು ಭದ್ರಪಡಿಸುವುದು ಅವರ ಕೆಲಸವಾಗಿತ್ತು.

ತಂದೆ ಜರ್ಮನಿಯಿಂದ ಹಿಂದಿರುಗುವಾಗ ಎಂಟನೆಯ ತರಗತಿಯ ಮಗನಿಗೆ ಒಂದು ಮಾದರಿ ರೈಲನ್ನು ತಂದಿದ್ದರು. ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನ ಅಳತೆ ಅದರದು. 12 ವೋಲ್ಟಿನ ವಿದ್ಯುತ್ತು ಹಳಿಗಳಲ್ಲಿಯೇ ಹರಿದು, ಗಾಲಿಗಳ ಮೂಲಕ ಏರಿ, ಎಂಜಿನ್ನಿನೊಳಗಿನ ಮೋಟಾರನ್ನು ತಿರುಗಿಸುತ್ತದೆ. ಆ ಮನೆಯಲ್ಲಿ ಹಳಿಗಳಿಗೆ ಕಾಯಂ ಜಾಗವೆಲ್ಲಿಂದ ಬರಬೇಕು? ನಡುಮನೆಯ ರತ್ನಗಂಬಳಿಯೇ ಗತಿ. ಸೋಮವಾರ ನೆಂಟರು ಬರುವವರಿದ್ದರು. ಆದ್ದರಿಂದ ಶನಿವಾರ, ಭಾನುವಾರಗಳಿಗೆ ಮಾತ್ರ ತಾಯಿಯ ಅಪ್ಪಣೆ. ಅದೂ ಕಂಬಳಿಗೆ ಎಣ್ಣೆಯ ಕಲೆ ತಾಕಬಾರದೆಂಬ ಕರಾರಿನ ಮೇಲೆ.

ಹುಡುಗ ಮೊದಲು ಲೆಕ್ಕ ಹಾಕಿದ. ನಿಜವಾದ ಬೋಗಿಯ ಉದ್ದ ಸುಮಾರು 24 ಮೀಟರು. ಅಂಥ 24 ಬೋಗಿಗಳ ಗಾಡಿಯನ್ನು ಈ ಅಳತೆಗೆ ಇಳಿಸಿದರೂ ಆರೂವರೆ ಮೀಟರಿಗೂ ಮಿಗಿಲಾಗುತ್ತದೆ. ನಡುಮನೆಯಾದರೋ ಕೇವಲ 12 ಅಡಿ. ಹೀಗಾಗಿ ಎಂಜಿನ್ನಿನ ಹಿಂದೆ ಮೂರೇ ಬೋಗಿಗಳನ್ನು ಸಿಕ್ಕಿಸಿ ತೃಪ್ತನಾದ. ಕಂಬಳಿಯ ಮೇಲೆ ಅರ್ಧ ಗಂಟೆಯಲ್ಲಿ ಹಳಿಗಳು ಹರಡಿಕೊಂಡವು. ಸೋಫಾದ ಕಾಲಿನ ಹಿಂದೆ ಒಂದು ತಿರುವು, ಮೇಜಿನ ಅಡಿಯಲ್ಲಿ ಒಂದು ಸುರಂಗ.

ರೈಲು ಹೊರಟಿತು, ಆದರೆ ಓಡಲಿಲ್ಲ. ಸೋಫಾದ ಹಿಂದಿನ ತಿರುವಿನಲ್ಲಿ ಪ್ರತಿಸಲವೂ ಒಂದು ಬೋಗಿ ಹಳಿ ತಪ್ಪುತ್ತಿತ್ತು. ದೂರದ ಮೂಲೆಗೆ ಹೋದಾಗ ಎಂಜಿನ್ನು ಸೊರಗಿ ನಿಲ್ಲುತ್ತಿತ್ತು. ಹುಡುಗ ಗುಂಡಿಯನ್ನು ಇನ್ನಷ್ಟು ತಿರುಗಿಸಿ ವೇಗ ಹೆಚ್ಚಿಸಿದ. ಸ್ವಲ್ಪ ಹೊತ್ತಿನಲ್ಲಿ ಸುಟ್ಟ ವಾಸನೆ ಬಂದಿತು.

ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ತಾತ ಎದ್ದು ಬಂದು ವಿದ್ಯುತ್ತನ್ನು ಆರಿಸಿದರು. ಎಂಜಿನ್ನನ್ನು ಬೋರಲು ಹಾಕಿ ನೋಡಿದರೆ, ಗಾಲಿಗಳ ಅಚ್ಚಿಗೆ ಕಂಬಳಿಯ ಎಳೆಗಳು ಬಿಗಿಯಾಗಿ ಸುತ್ತಿಕೊಂಡಿದ್ದವು. ಚಿಮಟದಿಂದ ಅವುಗಳನ್ನು ಒಂದೊಂದಾಗಿ ಬಿಡಿಸುತ್ತ ಅವರು ಹೇಳಿದರು:

"ಇನ್ನೆರಡು ಸುತ್ತು ಓಡಿದ್ದರೆ ಮೋಟಾರು ಉಳಿಯುತ್ತಿರಲಿಲ್ಲ. ಇದನ್ನೆಲ್ಲ ತೆಗೆದು ಹೊಸದಾಗಿ ಹಾಸೋಣ."

"ಹೇಗಿದ್ದರೂ ನಾಳೆ ಸಂಜೆ ಕಿತ್ತುಹಾಕುವುದು ತಾನೆ, ತಾತ? ಇಷ್ಟೆಲ್ಲ ಯಾಕೆ?"

"ಅದು ನಿನಗೆ ಗೊತ್ತು, ನನಗೆ ಗೊತ್ತು. ಗಾಲಿಗೆ ಗೊತ್ತಿಲ್ಲವಲ್ಲ, ಮಗು."

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಮುಂದುವರಿಸಿದರು: "ಒಂದು ಮಳೆಗಾಲದಲ್ಲಿ ಏರಿಯ ಮಣ್ಣು ಕೊಚ್ಚಿಹೋಯಿತು. ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಹಳಿಯನ್ನು ಎತ್ತಿ ನಿಲ್ಲಿಸಿದೆವು. ಹತ್ತು ದಿನದ ದಾರಿ ಅದು. ಅದರ ಮೇಲೆ ಹಾದುಹೋದವರ ಜೀವವೇನು ಹತ್ತು ದಿನದ್ದೇ?"

ಹುಡುಗ ಮರುಮಾತಾಡಲಿಲ್ಲ.

ತಾತ ಹಳಿಯನ್ನು ಬೆರಳಿನಿಂದ ಒತ್ತಿದರು. ಅದು ಕಂಬಳಿಯೊಳಗೆ ತಗ್ಗಿ ಮತ್ತೆ ಮೇಲೆದ್ದಿತು. ನಿಜವಾದ ದಾರಿಯಲ್ಲಿ ಗಾಲಿಯ ಭಾರವನ್ನು ಹಳಿ ಸ್ಲೀಪರಿಗೆ ಒಪ್ಪಿಸುತ್ತದೆ, ಸ್ಲೀಪರು ಜಲ್ಲಿಗೆ ಒಪ್ಪಿಸುತ್ತದೆ, ಜಲ್ಲಿ ಅದನ್ನು ಅಗಲವಾಗಿ ಹರಡಿ ನೆಲಕ್ಕೆ ಇಳಿಸುತ್ತದೆ. ಆದುದರಿಂದಲೇ ಮಣ್ಣು ಅಷ್ಟು ಭಾರವನ್ನು ತಾಳಿಕೊಳ್ಳುತ್ತದೆ. ಇಲ್ಲಿ ಕಂಬಳಿಯೇ ಮೆತ್ತನೆಯ ಮಣ್ಣು, ನಡುವೆ ಜಲ್ಲಿಯಿಲ್ಲ. ಅಟ್ಟದ ಮೇಲಿದ್ದ ತೆಳುವಾದ ಪ್ಲೈವುಡ್ ಹಲಗೆಗಳು ಕೆಳಗಿಳಿದವು. ಸಾಲದಿದ್ದ ಕಡೆಗೆ ದಪ್ಪನೆಯ ರಟ್ಟು ಬಂದಿತು. ಭಾರ ಹರಡಿಕೊಂಡಿತು, ಎಳೆಗಳು ಗಾಲಿಯಿಂದ ದೂರವಾದವು, ಎಣ್ಣೆಯ ಹನಿ ಬಿದ್ದರೂ ಕಂಬಳಿಗೆ ತಾಕದಂತಾಯಿತು.

ಬಳಿಕ ತಾತ ಕಣ್ಣು ಮುಚ್ಚಿ ಒಂದೊಂದು ಸಂದಿಯ ಮೇಲೂ ಬೆರಳಾಡಿಸಿದರು. ಸೋಫಾದ ಹಿಂದೆ ಬೆರಳು ನಿಂತಿತು. ಅಲ್ಲಿ ಒಂದು ಹಳಿಯ ತುದಿ ಜೋಡಣೆಯ ತಗಡಿನ ಒಳಗೆ ಸೇರುವ ಬದಲು ಅದರ ಮೇಲೆ ಕುಳಿತಿತ್ತು. ಕೂದಲೆಳೆಯಷ್ಟು ಏರುಪೇರು, ಬೋಗಿ ತಪ್ಪಲು ಅಷ್ಟೇ ಸಾಕಾಗಿತ್ತು. ಒಂದೊಂದು ಸಂದಿಯಲ್ಲಿಯೂ ವಿದ್ಯುತ್ತು ಕೊಂಚ ಕೊಂಚ ಸೋರಿಹೋದಂತೆ ಕ್ಷೀಣಿಸುವುದರಿಂದ ದೂರದ ಮೂಲೆಗೆ ಇನ್ನೊಂದು ಜೊತೆ ತಂತಿ ಕೊಟ್ಟರು. ಹಳಿಯ ನೆತ್ತಿಯನ್ನು ಬಟ್ಟೆಯಿಂದ ಒರೆಸಿದರು.

"ಎಂಜಿನ್ನು ಆಮೇಲೆ. ಮೊದಲು ಒಂದು ಬೋಗಿಯನ್ನು ಕೈಯಿಂದ ತಳ್ಳಿ ನೋಡು" ಎಂದರು ತಾತ.

ಬೋಗಿ ತೊಡರದೆ ಸುತ್ತಿ ಬಂದಿತು. ಹುಡುಗ ಹಳಿಗಳ ನಡುವಣ ಅಂತರವನ್ನು ಅಳೆದ: 16.5 ಮಿಲಿಮೀಟರು. ಅದನ್ನು 87ರಿಂದ ಗುಣಿಸಿದರೆ ಸುಮಾರು 1435. ತಾತ ತಲೆಯಾಡಿಸಿದರು. "ನಾನು ಕಾದ ದಾರಿಯ ಅಗಲ 1676. ಇದು ನಮ್ಮದಲ್ಲ." ಹುಡುಗನ ಮುಖ ಚಿಕ್ಕದಾಯಿತು. ಬಾಗಿಲಲ್ಲಿ ನಿಂತಿದ್ದ ತಂದೆ, "2023ರಲ್ಲಿ ವೈಟ್‌ಫೀಲ್ಡಿಗೆ ಬಂತಲ್ಲ ಮೆಟ್ರೋ, ಅದರ ದಾರಿ ಸರಿಯಾಗಿ 1435, ಅಪ್ಪ" ಎಂದರು. ತಾತ ನಕ್ಕು, "ಹಾಗಾದರೆ ಇದೂ ನಮ್ಮೂರಿನದೇ ಬಿಡು" ಎಂದರು.

ಭಾನುವಾರವಿಡೀ ರೈಲು ಓಡಿತು. ಸೋಫಾದ ಹಿಂದೆ ಮರೆಯಾದ ಗಾಡಿ ಪ್ರತಿಸಲವೂ ಮೂರು ಬೋಗಿಗಳೊಡನೆಯೇ ಹೊರಬಂದಿತು. ಸಂಜೆ ಬಿಚ್ಚುವ ಹೊತ್ತು ಬಂದಾಗ ತಾತ ದೇವಸ್ಥಾನಕ್ಕೆ ಹೋಗಿದ್ದರು. ಹುಡುಗ ಹಳಿಗಳನ್ನು ತಿರುಚದೆ ನೇರವಾಗಿ ಎಳೆದು ಬಿಡಿಸಿ, ಒರೆಸಿ, ಪೆಟ್ಟಿಗೆಯಲ್ಲಿ ಜೋಡಿಸಿದ. ಯಾರೂ ಹೇಳದಿದ್ದರೂ, ಹಲಗೆಗಳನ್ನು ಅಟ್ಟಕ್ಕೇರಿಸುವ ಮುನ್ನ ಪ್ರತಿಯೊಂದರ ಮೂಲೆಯಲ್ಲಿಯೂ ಪೆನ್ಸಿಲಿನಿಂದ ಸಂಖ್ಯೆ ಬರೆದ. ಮುಂದಿನ ಸಲ ಯಾವುದರ ಪಕ್ಕಕ್ಕೆ ಯಾವುದೆಂದು ಹುಡುಕಬೇಕಾಗಿರಲಿಲ್ಲ.

ಸೋಮವಾರ ನೆಂಟರು ಬಂದು ಅದೇ ರತ್ನಗಂಬಳಿಯ ಮೇಲೆ ಕುಳಿತು ಕಾಫಿ ಕುಡಿದರು. ಅಲ್ಲೊಂದು ಕಲೆಯಿರಲಿಲ್ಲ; ಹಳಿಯ ಗುರುತೂ ಇರಲಿಲ್ಲ. ಅಲ್ಲಿ ಒಂದು ರೈಲುದಾರಿ ಇತ್ತೆಂಬುದು ಅವರಿಗೆ ತಿಳಿಯಲೇ ಇಲ್ಲ. ರಾತ್ರಿಯ ಗಾಡಿಯಲ್ಲಿ ನಿಶ್ಚಿಂತೆಯಿಂದ ನಿದ್ರಿಸುವವರಿಗೆ, ಅಂದು ಆ ಹಳಿಯುದ್ದಕ್ಕೂ ಸುತ್ತಿಗೆ ಹಿಡಿದು ನಡೆದವನಾರೆಂಬುದು ತಿಳಿಯುವುದುಂಟೆ?