ಚೌಕಟ್ಟಿನ ಅಂಚಿನಲ್ಲಿ ನಿಂತವರು

ಸ್ಮರಣ ಸಂಚಿಕೆ ಕೈಗೆ ಬಂದೊಡನೆ ಬಹುತೇಕ ಓದುಗರು ಮೊದಲು ಲೇಖನಗಳನ್ನು ಓದುವುದಿಲ್ಲ. ಭಾವಚಿತ್ರಗಳ ಪುಟಗಳನ್ನು ತಿರುವಿ ತಮ್ಮ ಮನೆಯವರನ್ನು ಹುಡುಕುತ್ತಾರೆ. ಅದು ಸಹಜವೇ. ಉದಕಮಂಡಲ, ಗೂಡಲೂರು, ಮಸಿನಗುಡಿ ಎಂದು ಬೆಟ್ಟದ ಮೇಲೂ ಕೆಳಗೂ ಚದುರಿರುವ ಕನ್ನಡ ಕುಟುಂಬಗಳಿಗೆ ಆ ಪುಟಗಳು ಒಂದು ಬಗೆಯ ವಂಶಾವಳಿಯೇ ಸರಿ. ಅವುಗಳನ್ನು ಸಿದ್ಧಪಡಿಸುವ ಕಾರ್ಯದಲ್ಲಿ ಕೆಲವು ವರ್ಷಗಳಿಂದ ನಾವೂ ಕೈಜೋಡಿಸುತ್ತಿದ್ದೇವೆ. ಆದಕಾರಣ ಚಿತ್ರಗಳನ್ನು ಗಣಕಯಂತ್ರದಲ್ಲಿ ಒಂದೇ ಪ್ರಮಾಣಕ್ಕೆ ಕತ್ತರಿಸುವ ವಿಚಾರವಾಗಿ ನಾಲ್ಕು ಮಾತು ಬರೆಯಲು ಬಯಸಿದ್ದೇವೆ.

ಛಾಯಾಚಿತ್ರಕ್ಕೂ ಈ ನೀಲಗಿರಿಗೂ ಹಳೆಯ ನಂಟಿದೆ. 1960ರಲ್ಲಿ ಸ್ಥಾಪನೆಗೊಂಡು 1967ರಲ್ಲಿ ಉತ್ಪಾದನೆ ಆರಂಭಿಸಿದ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಇದ್ದದ್ದು ನಮ್ಮ ಉದಕಮಂಡಲದ ಇಂದು ನಗರದಲ್ಲಿ. 'ಇಂದು' ಎಂಬ ಹೆಸರು ಹೊತ್ತ ಫಿಲ್ಮು, ಛಾಯಾಚಿತ್ರದ ಕಾಗದ, ಎಕ್ಸ್-ರೇ ಫಿಲ್ಮು ಇಲ್ಲಿಂದಲೇ ದೇಶದ ಬೇರೆ ಬೇರೆ ಕಡೆಗೆ ಹೋಗುತ್ತಿದ್ದವು. ಡಿಜಿಟಲ್ ಯುಗ ಬಂದು ಫಿಲ್ಮಿನ ಕಾಲ ಮುಗಿಯಿತು, ಕಾರ್ಖಾನೆಯೂ ಮುಚ್ಚಿತು. ಆದರೆ ಆ ಕಾಲದ ಚಿತ್ರಗಳು ನಮ್ಮ ಮನೆಗಳ ಟ್ರಂಕುಗಳಲ್ಲಿ ಇನ್ನೂ ಉಳಿದಿವೆ. ಸಂಚಿಕೆಗೆ ಬರುವ ಚಿತ್ರಗಳಲ್ಲಿ ಅವುಗಳ ಪಾಲು ದೊಡ್ಡದು.

ತೊಡಕು ಹುಟ್ಟುವುದೂ ಇಲ್ಲಿಯೇ. ಒಂದೇ ಮನೆಯಿಂದ ಬರುವ ಮೂರು ಚಿತ್ರಗಳಿಗೆ ಮೂರು ಆಕಾರ. ಅಜ್ಜನ ಆಗ್ಫಾ ಕ್ಲಿಕ್ ಕ್ಯಾಮೆರಾ ಕೊಟ್ಟದ್ದು 6 ಸೆಂ.ಮೀ. ಬದಿಯ ಚೌಕ. ತಂದೆಯ ಕಾಲದ 35 ಮಿ.ಮೀ. ಫಿಲ್ಮಿನ ಚೌಕಟ್ಟು 36ಕ್ಕೆ 24 ಮಿ.ಮೀ., ಎಂದರೆ 3:2. ಮೊಮ್ಮಗಳ ಮೊಬೈಲು ಸಾಮಾನ್ಯವಾಗಿ 4:3ರಲ್ಲಿ ತೆಗೆಯುತ್ತದೆ. ಮೂರನ್ನೂ ಒಂದೇ ಪುಟದಲ್ಲಿ ಹಾಗೆಯೇ ಇಟ್ಟರೆ ಸಂತೆಯ ಅಂಗಡಿಯಂತೆ ಕಾಣುತ್ತದೆ. ಕೆಲವರು ಚಿತ್ರವನ್ನು ಎಳೆದು ಹಿಗ್ಗಿಸಿ ಚೌಕಟ್ಟಿಗೆ ಹೊಂದಿಸುತ್ತಾರೆ. ಆಗ ಕೃಶಕಾಯರು ಸ್ಥೂಲರಾಗುತ್ತಾರೆ, ದುಂಡು ಮುಖದವರು ಉದ್ದ ಮುಖದವರಾಗುತ್ತಾರೆ. ಹಿಗ್ಗಿಸುವುದು ಬೇರೆ, ಕತ್ತರಿಸುವುದು ಬೇರೆ. ಹಿಗ್ಗಿಸಿದರೆ ಅನುಪಾತ ಕೆಡುತ್ತದೆ. ಕತ್ತರಿಸಿದರೆ ಉಳಿದ ಭಾಗದ ಅನುಪಾತ ಕೆಡುವುದಿಲ್ಲ.

ತರಗತಿಯಲ್ಲಿ ಅನುಪಾತದ ಪಾಠ ಮಾಡಿದವರಿಗೆ ಈ ಲೆಕ್ಕ ಕಷ್ಟವಲ್ಲ. ವ್ಯಕ್ತಿಚಿತ್ರಕ್ಕೆ 2 ಅಂಗುಲ ಅಗಲ, ಎರಡೂವರೆ ಅಂಗುಲ ಎತ್ತರವೆಂದು ನಿಗದಿಪಡಿಸೋಣ, ಅದು 4:5. ಮುದ್ರಣಕ್ಕೆ ಅಂಗುಲಕ್ಕೆ 300 ಪಿಕ್ಸೆಲ್‌ಗಳಿದ್ದರೆ ಚೆನ್ನ. ಆದ್ದರಿಂದ 600ಕ್ಕೆ 750 ಪಿಕ್ಸೆಲ್ ಸಾಕು. ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ 3000ಕ್ಕೆ 4000 ಪಿಕ್ಸೆಲ್‌ನ ಚಿತ್ರವನ್ನು ಈ ಪ್ರಮಾಣಕ್ಕೆ ತಂದರೆ 3000ಕ್ಕೆ 3750 ಉಳಿಯುತ್ತದೆ, ನಷ್ಟ ಅತ್ಯಲ್ಪ. ಅಡ್ಡಲಾಗಿ ತೆಗೆದ 6000ಕ್ಕೆ 4000ದ ಚಿತ್ರವಾದರೋ 3200ಕ್ಕೆ 4000 ಮಾತ್ರ ಉಳಿದು, ಸುಮಾರು ಅರ್ಧ ಚಿತ್ರವೇ ಹೋಗುತ್ತದೆ. ಆದುದರಿಂದ ಕತ್ತರಿಸುವ ಮುನ್ನ ಏನು ಹೋಗುತ್ತದೆಂಬುದನ್ನು ನೋಡಬೇಕು.

ಫೋಟೋಶಾಪ್‌ನಲ್ಲಾಗಲಿ, ಉಚಿತವಾಗಿ ದೊರೆಯುವ ಜಿಂಪ್ ತಂತ್ರಾಂಶದಲ್ಲಾಗಲಿ, ಕ್ರಾಪ್ ಸಾಧನಕ್ಕೆ ಮೊದಲೇ 4:5 ಎಂದು ಅನುಪಾತವನ್ನು ಕೊಟ್ಟುಬಿಡಬಹುದು. ಆಮೇಲೆ ಚೌಕಟ್ಟನ್ನು ಹಿರಿದು ಮಾಡಿದರೂ ಕಿರಿದು ಮಾಡಿದರೂ ಅದರ ಆಕಾರ ಬದಲಾಗದು. ಹಿಂದೆ ಸ್ಟುಡಿಯೋದವರು ಎಲ್ ಅಕ್ಷರದಂತೆ ಕತ್ತರಿಸಿದ ಎರಡು ರಟ್ಟುಗಳನ್ನು ಚಿತ್ರದ ಮೇಲೆ ಸರಿಸಿ ನೋಡುತ್ತಿದ್ದುದೂ ಇದೇ ಕೆಲಸ. ಅನುಪಾತವೊಂದು ಸಮನಾದರೆ ಸಾಲದು. ಎಲ್ಲರ ಕಣ್ಣುಗಳೂ ಮೇಲಿನಿಂದ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿರಬೇಕು. ತಲೆಗಳ ಗಾತ್ರ ಹೆಚ್ಚುಕಡಿಮೆ ಒಂದಾಗಿರಬೇಕು. ಇಲ್ಲದಿದ್ದರೆ ಅಧ್ಯಕ್ಷರು ದೈತ್ಯರಂತೆಯೂ ಖಜಾಂಚಿಗಳು ಬಾಲಕರಂತೆಯೂ ಕಾಣುವರು. ಹಿರಿಯರ ತಲೆಯ ರುಮಾಲಿಗೆ ಎಂದಿಗೂ ಕತ್ತರಿ ತಗಲಬಾರದು.

ಇಷ್ಟೆಲ್ಲ ವ್ಯಕ್ತಿಚಿತ್ರದ ಮಾತಾಯಿತು. ಸಮೂಹಚಿತ್ರದ ನ್ಯಾಯವೇ ಬೇರೆ. ಹಲವು ವರ್ಷಗಳ ಹಿಂದೆ ಒಂದು ಸಂಚಿಕೆಯ ವಿನ್ಯಾಸಕಾರರು ಎಲ್ಲ ಚಿತ್ರಗಳೂ ಚೌಕವಾಗಿರಲೆಂದು ತೀರ್ಮಾನಿಸಿದರು. ಅದರಲ್ಲಿ 12ಕ್ಕೆ 10 ಅಂಗುಲದ ಹಳೆಯ ಶಾಲಾ ಚಿತ್ರವೊಂದಿತ್ತು. ಚೌಕ ಮಾಡಿದಾಗ ಎರಡೂ ಬದಿಯಿಂದ ಒಂದೊಂದು ಅಂಗುಲ ಹೋಯಿತು. ಬಲತುದಿಯಲ್ಲಿ ನಿಂತಿದ್ದವರು ಗಂಟೆ ಬಾರಿಸುವ ಜವಾನರು. ಮುದ್ರಿತ ಪುಟದಲ್ಲಿ ಅವರದೊಂದು ಮೊಣಕೈ ಮಾತ್ರ ಉಳಿಯಿತು. ಕೆಳಗೆ 'ನಿಂತವರು, ಎಡದಿಂದ ಬಲಕ್ಕೆ' ಎಂಬ ಸಾಲಿನ ಕೊನೆಯಲ್ಲಿ ಅವರ ಹೆಸರು ಹಾಗೆಯೇ ಇತ್ತು. ಸಮ್ಮೇಳನದ ದಿನ ಅವರ ಮಗಳು ಸಂಚಿಕೆ ಹಿಡಿದು ನಮ್ಮ ಬಳಿಗೆ ಬಂದು, "ಮೇಷ್ಟ್ರೇ, ಹೆಸರಿದೆ, ನಮ್ಮಪ್ಪ ಇಲ್ಲವಲ್ಲ" ಎಂದರು. ಆ ಮನೆಯಲ್ಲಿ ಅವರ ತಂದೆಯ ಬೇರೊಂದು ಚಿತ್ರವಿರಲಿಲ್ಲ. ಅದೃಷ್ಟವಶಾತ್ ಮೂಲಪ್ರತಿ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಸಿಕ್ಕಿತು. ಅದನ್ನು ಸ್ಕ್ಯಾನ್ ಮಾಡಿಸಿ, ಆ ಅಂಚನ್ನಷ್ಟೇ ದೊಡ್ಡದು ಮಾಡಿಸಿ ಕೊಟ್ಟೆವು. ಅಂಗೈಯಗಲದ ಚಿತ್ರ, ಕೊಂಚ ಮಸುಕು. ಅದು ಈಗ ಅವರ ಮನೆಯ ಗೋಡೆಯ ಮೇಲಿದೆ.

ಪುಟದ ಅಂದಕ್ಕೆ ಸಮಾನ ಅಳತೆ ಬೇಕೆಂಬ ಯುವಮಿತ್ರರ ವಾದವನ್ನು ನಾವು ಒಪ್ಪುತ್ತೇವೆ. ಆದರೆ ಸಮೂಹಚಿತ್ರದಲ್ಲಿ ಕತ್ತರಿಗೆ ಮೊದಲು ಸಿಗುವವರು ತುದಿಯಲ್ಲಿ ನಿಂತವರೇ. ನಡುವಿನ ಕುರ್ಚಿಯಲ್ಲಿ ಕುಳಿತ ಮುಖ್ಯೋಪಾಧ್ಯಾಯರಿಗೆ ಎಂದೂ ಅಪಾಯವಿಲ್ಲ. ತುದಿಗೆ ನಿಲ್ಲುತ್ತಿದ್ದವರು ಜವಾನರು, ಅಡುಗೆಯವರು, ತಡವಾಗಿ ಬಂದ ಬಡ ಹುಡುಗರು. ಬೇರೆಡೆ ಚಿತ್ರ ತೆಗೆಸಿಕೊಳ್ಳುವ ಅನುಕೂಲ ಇಲ್ಲದಿದ್ದವರೂ ಅವರೇ. ಆದುದರಿಂದ ನಮ್ಮಲ್ಲೊಂದು ನಿಯಮ ಮಾಡಿಕೊಂಡಿದ್ದೇವೆ: ವ್ಯಕ್ತಿಚಿತ್ರಗಳಿಗೆ 4:5, ಸಮೂಹಚಿತ್ರಗಳು ಇಡಿಯಾಗಿಯೇ. ಅಗಲವನ್ನಷ್ಟೇ ಪುಟಕ್ಕೆ ಹೊಂದಿಸಿ, ಮೇಲೆ ಕೆಳಗೆ ಬಿಳಿಯ ಜಾಗ ಉಳಿದರೆ ಉಳಿಯಲಿ ಎಂದು ಬಿಡುತ್ತೇವೆ.

ಸದಸ್ಯರಲ್ಲಿ ಕೆಲವು ವಿನಂತಿಗಳಿವೆ. ಹಳೆಯ ಚಿತ್ರವನ್ನು ರಟ್ಟಿನ ಅಂಚು, ಬರೆದ ಹೆಸರು ಸಮೇತ ಪೂರ್ತಿಯಾಗಿ ಸ್ಕ್ಯಾನ್ ಮಾಡಿಸಿ. ಕತ್ತರಿಸುವುದು ಪ್ರತಿಯನ್ನೇ ಹೊರತು ಮೂಲವನ್ನಲ್ಲ. ವಾಟ್ಸಾಪ್‌ನಲ್ಲಿ ಕಳುಹಿಸುವಾಗ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಚಿತ್ರದ ಗುಣ ಕುಂದುವುದಿಲ್ಲ. ಹೆಸರುಗಳನ್ನು ಎಡದಿಂದ ಬಲಕ್ಕೆ ಕೊನೆಯವರ ತನಕ ಬರೆಯಿರಿ. ಕೊನೆಯಲ್ಲಿ ನಿಂತವರ ಹೆಸರು ನೆನಪಿಗೆ ಬಾರದಿದ್ದರೆ, ಊರಿನ ಹಿರಿಯರು ಇನ್ನೂ ಇರುವಾಗಲೇ ಕೇಳಿ ತಿಳಿದುಕೊಳ್ಳಿ.